ಫಿಲೋಮಿನಾ ಹೆಸರು ಪಟ್ಟಿಯಿಂದ ತೆಗೆದರಂತೆ, ಮತ್ತೆ ಯಾಕೆ ಅಲ್ಲಿ ಮೇಣದಬತ್ತಿ ಹಚ್ತೀರ?

ಮೈಸೂರಿನಲ್ಲಿ ಕಥೋಲಿಕರಾಗಿ ಬೆಳೆದರೆ ಒಂದೇ ಮಾತು ಎರಡು ಕಡೆಯಿಂದ ಕಿವಿಗೆ ಬೀಳುತ್ತದೆ. ಹಿಂದೂ ಸ್ನೇಹಿತರು ಪ್ರೀತಿಯಿಂದ ಹೇಳುತ್ತಾರೆ: "ನಿಮ್ಮಲ್ಲೂ ನಮ್ಮ ಥರಾನೇ ಬಿಡಿ. ನಮಗೆ ಚಾಮುಂಡಮ್ಮ, ನಿಮಗೆ ಮೇರಿಯಮ್ಮ. ನಮ್ಮಲ್ಲಿ ಊರಿಗೊಂದು ದೇವರು, ನಿಮ್ಮಲ್ಲಿ ಊರಿಗೊಬ್ಬ ಸಂತ." ಪೆಂತೆಕೋಸ್ತ್ ಸಭೆಗೆ ಹೋಗುವ ಸ್ನೇಹಿತರು ಅದನ್ನೇ ಸಿಟ್ಟಿನಿಂದ ಹೇಳುತ್ತಾರೆ: "ಬೈಬಲ್ ಕೈಲಿಟ್ಟುಕೊಂಡು ವಿಗ್ರಹಾರಾಧನೆ ಮಾಡ್ತೀರಲ್ಲ!" ಒಬ್ಬರದು ಮೆಚ್ಚುಗೆ, ಇನ್ನೊಬ್ಬರದು ಬೈಗುಳ. ಆದರೆ ಇಬ್ಬರ ಲೆಕ್ಕವೂ ಒಂದೇ. ಕಥೋಲಿಕರು ಸಂತರನ್ನು ದೇವರ ಜಾಗದಲ್ಲಿ ಕೂರಿಸಿದ್ದಾರೆ ಅಂತ.

ಆ ಲೆಕ್ಕ ತಪ್ಪು. ಯಾಕೆ ಅಂತ ತೋರಿಸಲು ಅಶೋಕ ರಸ್ತೆಯ ನಮ್ಮ ದೊಡ್ಡ ಚರ್ಚೇ ಸಾಕು. ಯಾಕೆಂದರೆ ಆ ಚರ್ಚು ಯಾರ ಹೆಸರಿನಿಂದ ಊರಿಗೆಲ್ಲ ಗೊತ್ತೋ, ಆ ಫಿಲೋಮಿನಾಳ ಹಬ್ಬವನ್ನು 1961ರಲ್ಲಿ ರೋಮ್, ಅಂದರೆ ಪೋಪರ ಆಡಳಿತ, ತಾನೇ ಚರ್ಚಿನ ಹಬ್ಬಗಳ ಕ್ಯಾಲೆಂಡರಿನಿಂದ ತೆಗೆಸಿತು. ಸಂತರು ನಮಗೆ ದೇವರುಗಳೇ ಆಗಿದ್ದರೆ ಅವತ್ತೇ ಎಲ್ಲ ಕುಸಿದು ಬೀಳಬೇಕಿತ್ತು, ಅಲ್ವಾ?

ಮೊದಲು ಚರ್ಚಿನ ಕಥೆ. ಈಗಿರುವ ಜೋಡಿ ಗೋಪುರದ ಕಟ್ಟಡಕ್ಕೆ ಅಡಿಗಲ್ಲು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು, 1933ರ ಅಕ್ಟೋಬರ್ 28ರಂದು. ಗೋಪುರಗಳು 175 ಅಡಿ ಎತ್ತರ, ಜರ್ಮನಿಯ ಕಲೋನ್ ಚರ್ಚಿನ ಮಾದರಿ, ಇದೆಲ್ಲ ಗೈಡ್‌ಗಳು ಹೇಳುತ್ತಾರೆ. ಅವರು ಅಷ್ಟಾಗಿ ಹೇಳದ್ದು ಏನೆಂದರೆ, ಅದೇ ಜಾಗದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, 1843ರ ಒಂದು ಹಳೆಯ ಚರ್ಚು ಇತ್ತು. ಆ ಚರ್ಚಿನ ಶಾಸನ ಯಾವ ಸಂತರ ಹೆಸರಿನಿಂದಲೂ ಶುರುವಾಗುವುದಿಲ್ಲ. ಲೋಕಗಳನ್ನೆಲ್ಲ ಸೃಷ್ಟಿಸಿ ಕಾಪಾಡುವ ಆ ಒಬ್ಬನೇ ದೇವರ ಹೆಸರಿನಲ್ಲಿ, ಯೇಸು ಕ್ರಿಸ್ತ ಮನುಷ್ಯನಾಗಿ ಅವತರಿಸಿ 1843 ವರ್ಷಗಳಾದ ಮೇಲೆ ಈ ಚರ್ಚು ಕಟ್ಟಿದ್ದು ಅಂತ ಶುರುವಾಗುತ್ತದೆ. ಒಬ್ಬ ಹಿಂದೂ ಮಹಾರಾಜರ ಆಳ್ವಿಕೆಯಲ್ಲಿ ಬರೆಸಿದ ಆ ಸಾಲು ಕಥೋಲಿಕ ನಂಬಿಕೆಯನ್ನು ನಮ್ಮಲ್ಲಿ ಎಷ್ಟೋ ಜನಕ್ಕಿಂತ ಸರಿಯಾಗಿ ಹೇಳುತ್ತದೆ.

ಫಿಲೋಮಿನಾ ಬಂದದ್ದು ಆಮೇಲೆ. ಮಹಾರಾಜರ ಹುಜೂರ್ ಕಾರ್ಯದರ್ಶಿಯಾಗಿದ್ದ ತಂಬುಚೆಟ್ಟಿಯವರು 1926ರಲ್ಲಿ ಪೋಪರ ಪ್ರತಿನಿಧಿ ಪೀಟರ್ ಪಿಸಾನಿಯವರಿಂದ ಆಕೆಯ ಅವಶೇಷದ, ಅಂದರೆ ದೇಹದ ಉಳಿಕೆಯ, ಒಂದು ತುಣುಕು ಪಡೆದುಕೊಂಡು ಬಂದು ಫಾದರ್ ಕೋಶೆ ಅವರ ಕೈಗೆ ಕೊಟ್ಟರು. ಅದು ಈಗ ಮುಖ್ಯ ಪೀಠದ ಕೆಳಗಿನ ನೆಲಮಾಳಿಗೆಯಲ್ಲಿದೆ. ಪ್ರವಾಸಕ್ಕೆ ಬಂದವರೆಲ್ಲ ಸಾಲಾಗಿ ಮೆಟ್ಟಿಲಿಳಿದು ನೋಡಿ ಹೋಗುತ್ತಾರಲ್ಲ, ಅದೇ.

ಅವಶೇಷ ಯಾರದು ಅನ್ನುವುದೇ ಸ್ವಾರಸ್ಯ. 1802ರ ಮೇ ತಿಂಗಳಲ್ಲಿ ರೋಮ್ ನಗರದ ಪ್ರಿಸಿಲ್ಲಾ ನೆಲಮಾಳಿಗೆಯಲ್ಲಿ, ಅಂದರೆ ಮೊದಲ ಶತಮಾನಗಳ ಕ್ರೈಸ್ತರು ತಮ್ಮವರನ್ನು ಹೂಳುತ್ತಿದ್ದ ಸುರಂಗಗಳಲ್ಲಿ, ಒಂದು ಗೂಡುಸಮಾಧಿ ಸಿಕ್ಕಿತು. ಅದರ ಬಾಯಿಗೆ ಮೂರು ಅಗಲವಾದ ಸುಟ್ಟ ಮಣ್ಣಿನ ಹೆಂಚು ಮುಚ್ಚಿದ್ದರು. ಹೆಂಚುಗಳ ಮೇಲೆ ಕೆಂಪು ಬಣ್ಣದಲ್ಲಿ ಅಕ್ಷರ. ಮೊದಲನೆಯದರಲ್ಲಿ "ಲುಮೆನಾ", ಎರಡನೆಯದರಲ್ಲಿ "ಪಾಕ್ಸ್ ತೆ", ಮೂರನೆಯದರಲ್ಲಿ "ಕುಮ್ ಫಿ". ಹಾಗೇ ಓದಿದರೆ ಅರ್ಥವೇ ಇಲ್ಲ. ಮೊದಲನೆಯ ಹೆಂಚನ್ನು ತೆಗೆದು ಕೊನೆಗಿಟ್ಟರೆ "ಪಾಕ್ಸ್ ತೇಕುಮ್ ಫಿಲುಮೆನಾ" ಅಂತಾಗುತ್ತದೆ, ಫಿಲುಮೆನಾ, ನಿನಗೆ ಶಾಂತಿ ಇರಲಿ ಅಂತ. ಪಕ್ಕದಲ್ಲಿ ಲಂಗರು, ಬಾಣ, ತಾಳೆಗರಿಯ ಚಿತ್ರಗಳು. ಒಳಗೆ ಹದಿಮೂರು ಹದಿನಾಲ್ಕು ವಯಸ್ಸಿನ ಹುಡುಗಿಯ ಮೂಳೆಗಳು. ಗೊತ್ತಿರುವುದು ಇಷ್ಟೇ.

ಮಿಕ್ಕದ್ದೆಲ್ಲ ಆಮೇಲೆ ಸೇರಿಕೊಂಡದ್ದು. 1805ರಲ್ಲಿ ಆ ಮೂಳೆಗಳನ್ನು ನೇಪಲ್ಸ್ ಹತ್ತಿರದ ಮುಗ್ನಾನೊ ಊರಿಗೆ ಕೊಂಡೊಯ್ದರು. ಅಲ್ಲಿ ಕಾಯಿಲೆ ವಾಸಿಯಾದ ಸುದ್ದಿಗಳು ಹಬ್ಬಿದವು. ಫ್ರಾನ್ಸಿನ ಆರ್ಸ್ ಎಂಬ ಹಳ್ಳಿಯ ಗುರು ಜಾನ್ ವಿಯಾನಿ, ಜನ ತನ್ನನ್ನು ಹೊಗಳಿದಾಗೆಲ್ಲ ಇದೆಲ್ಲ ಫಿಲೋಮಿನಾಳ ಕೆಲಸ ಅಂತ ಆಕೆಯ ಕಡೆ ತಳ್ಳಿಬಿಡುತ್ತಿದ್ದರು. 1835ರಲ್ಲಿ ಪೌಲಿನ್ ಜಾರಿಕೊ ಎಂಬಾಕೆ ಸಾಯುವ ಸ್ಥಿತಿಯಲ್ಲಿ ಮುಗ್ನಾನೊಗೆ ಹೋಗಿ ಎದ್ದು ಓಡಾಡುತ್ತಾ ವಾಪಸ್ ಬಂದದ್ದು ದೊಡ್ಡ ಸುದ್ದಿಯಾಯಿತು. ಎರಡು ವರ್ಷದ ನಂತರ, 1837ರಲ್ಲಿ, ಪೋಪ್ ಹದಿನಾರನೇ ಗ್ರೆಗರಿ ಆಕೆಯ ಹೆಸರಿನಲ್ಲಿ ಬಲಿಪೂಜೆ (ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಪೂಜೆ, ಮಾಸ್) ಮಾಡಲು ಕೆಲವು ಕಡೆಗೆ ಅನುಮತಿ ಕೊಟ್ಟರು. ಗ್ರೀಕ್ ರಾಜಕುಮಾರಿ, ಚಕ್ರವರ್ತಿ ಡಯೊಕ್ಲೀಶಿಯನ್ ಮದುವೆಯಾಗು ಅಂದ, ಈಕೆ ಒಪ್ಪಲಿಲ್ಲ, ಬಾಣ ಹೊಡೆಸಿದ ಅನ್ನುವ ಕಥೆ ಕೇಳಿರುತ್ತೀರಿ. ಅದು ನೇಪಲ್ಸ್‌ನ ಒಬ್ಬ ಸನ್ಯಾಸಿನಿಗೆ ದರ್ಶನದಲ್ಲಿ ತಿಳಿದದ್ದು ಅಂತ 1833ರ ಹೊತ್ತಿಗೆ ಹಬ್ಬಿದ್ದು. ಇಂಥ ಖಾಸಗಿ ದರ್ಶನಗಳನ್ನು ನಂಬಲೇಬೇಕು ಅಂತ ಧರ್ಮಸಭೆ ಯಾವ ಕಥೋಲಿಕರಿಗೂ ಹೇಳುವುದಿಲ್ಲ. ಒಪ್ಪಿಗೆ ಸಿಕ್ಕಿದ ದರ್ಶನವಾದರೂ ಅಷ್ಟೇ. ಇದು ಎಷ್ಟೋ ಕಥೋಲಿಕರಿಗೇ ಗೊತ್ತಿಲ್ಲ.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಸಂಶೋಧಕರು ಹೆಂಚುಗಳನ್ನೇ ಹಿಡಿದುಕೊಂಡರು. ಅಕ್ಷರ ಹಿಂದುಮುಂದಾಗಿರುವುದು ಯಾಕೆ? ಹಳೆಯ ಸಮಾಧಿಯ ಹೆಂಚನ್ನು ಬಿಚ್ಚಿ ಇನ್ನೊಂದಕ್ಕೆ ಬಳಸಿದ್ದರೆ ಹಾಗಾಗುತ್ತದೆ. ಹಾಗಾದರೆ ಹೆಂಚಿನ ಮೇಲಿನ ಹೆಸರು ಒಬ್ಬರದು, ಒಳಗಿನ ಮೂಳೆ ಇನ್ನೊಬ್ಬರದು ಅಂತ ಮರುಕ್ಕಿ ಎಂಬ ವಿದ್ವಾಂಸ ವಾದಿಸಿದ. ಆತನೂ ಕಥೋಲಿಕನೇ. ಬೇರೆಯವರು ಒಪ್ಪಲಿಲ್ಲ, ಜಗಳ ನಡೆಯಿತು. ಕಡೆಗೆ 1961ರ ಫೆಬ್ರವರಿ 14ರಂದು ರೋಮ್‌ನಿಂದ ಆದೇಶ ಬಂತು: ಫಿಲೋಮಿನಾಳ ಹಬ್ಬ ಎಲ್ಲೆಲ್ಲಿ ಕ್ಯಾಲೆಂಡರಿನಲ್ಲಿದೆಯೋ ಅಲ್ಲೆಲ್ಲ ತೆಗೆಯಿರಿ.

ಈ ಆದೇಶ ಹೇಳಿದ್ದೇನು, ಹೇಳದೆ ಬಿಟ್ಟಿದ್ದೇನು ಅನ್ನುವುದು ಮುಖ್ಯ. ಸಂತಪಟ್ಟ ಕಿತ್ತುಕೊಂಡರು ಅಂತ ಜನ ಸುಮ್ನೆ ಹೇಳುತ್ತಾರೆ. ಆಕೆಗೆ ಪದ್ಧತಿ ಪ್ರಕಾರ ಸಂತಪಟ್ಟ ಕೊಟ್ಟದ್ದೇ ಇಲ್ಲ. ಹಬ್ಬ ಆಚರಿಸಲು ಅನುಮತಿ ಇತ್ತು, ಅದು ಹೋಯಿತು. ಅಂಥ ಹುಡುಗಿ ಇರಲೇ ಇಲ್ಲ ಅಂತ ರೋಮ್ ಹೇಳಲಿಲ್ಲ. ಆಕೆಯನ್ನು ನೆನೆದು ಪ್ರಾರ್ಥಿಸಬೇಡಿ ಅಂತಲೂ ಹೇಳಲಿಲ್ಲ. ಚರ್ಚಿನ ಹೆಸರು ಬದಲಿಸಿ ಅನ್ನಲೂ ಇಲ್ಲ. ಇತಿಹಾಸ ಇಷ್ಟು ತೆಳುವಾಗಿರುವಾಗ ಇಡೀ ಸಭೆಯ ಹೆಸರಿನಲ್ಲಿ ಹಬ್ಬ ಮಾಡುವುದು ಬೇಡ ಅಂದಿತು, ಅಷ್ಟೇ. ನನಗೆ ಕೇಳಿದರೆ ಅದು ಸರಿಯಾದ ಕೆಲಸ. ತನ್ನ ಜನ ಅಷ್ಟು ಪ್ರೀತಿಸುವ ಹೆಸರಿನ ವಿಷಯದಲ್ಲೂ ಸಾಕ್ಷಿ ಸಾಲದು ಅಂತ ಹೇಳುವುದಕ್ಕೆ ಧೈರ್ಯ ಬೇಕು.

ಸರಿ, ಹಾಗಾದರೆ 1926ರಿಂದ ಇಲ್ಲಿ ಮೊಣಕಾಲೂರಿದವರ ಪ್ರಾರ್ಥನೆಯೆಲ್ಲ ಎಲ್ಲಿಗೆ ಹೋಯಿತು?

ಇದಕ್ಕೆ ಉತ್ತರ ನಾವು ಪ್ರಾರ್ಥಿಸುವ ಮಾತಿನಲ್ಲೇ ಇದೆ. ಸಂತರ ಹೆಸರನ್ನು ಒಂದೊಂದಾಗಿ ಕರೆಯುವ ಪ್ರಾರ್ಥನೆ ಒಂದಿದೆ, ಗುರುದೀಕ್ಷೆಯಲ್ಲಿ, ಈಸ್ಟರ್ ಹಿಂದಿನ ರಾತ್ರಿ ಹೇಳುತ್ತಾರೆ. ಅದರಲ್ಲಿ ಕ್ರಿಸ್ತನ ಹೆಸರು ಬಂದಾಗ ಸಭೆ ಹೇಳುವುದು ನಮ್ಮ ಮೇಲೆ ದಯೆ ತೋರಿ ಅಂತ. ಪೇತ್ರ, ಪೌಲ, ಅಂತೋಣಿ ಅಂತ ಹೆಸರು ಬಂದಾಗ ಹೇಳುವುದು ನಮಗಾಗಿ ಪ್ರಾರ್ಥಿಸಿ ಅಂತ. ಮರಿಯಮ್ಮನಿಗೂ ಅಷ್ಟೇ. ಜಪಸರ ಹಿಡಿದು ದಿನಾ ಹೇಳುವ ನಮೋ ಮರಿಯೆಯ ಕೊನೆಯಲ್ಲಿ ಕೇಳುವುದೇನು? ಪಾಪಿಗಳಾದ ನಮಗಾಗಿ ಪ್ರಾರ್ಥಿಸಿರಿ ಅಂತ. ದೇವರ ಹತ್ತಿರ ಕೇಳುವುದು ಕೊಡು ಅಂತ. ಸಂತರ ಹತ್ತಿರ ಕೇಳುವುದು ನನ್ನ ಜೊತೆ ನೀನೂ ಕೇಳು ಅಂತ. ಹಾಗಾಗಿ ಹೆಸರಿನ ವಿಷಯದಲ್ಲಿ ನಾವು ಎಡವಿದ್ದರೂ ಪ್ರಾರ್ಥನೆ ದಾರಿ ತಪ್ಪುವುದಿಲ್ಲ. ಅದು ಹೊರಟದ್ದೇ ದೇವರ ಕಡೆಗೆ.

ಬಲಿಪೂಜೆ ಇದಕ್ಕಿಂತ ಗಟ್ಟಿ ಸಾಕ್ಷಿ. ನಮ್ಮಲ್ಲಿ ಆರಾಧನೆಯ ತುತ್ತತುದಿ ಅದೇ. ಅದನ್ನು ಅರ್ಪಿಸುವುದು ತಂದೆಯಾದ ದೇವರಿಗೆ, ಕ್ರಿಸ್ತನ ಮೂಲಕ. ಸಂತರ ಹೆಸರು ನಡುವೆ ಬರುತ್ತದೆ, ಅವರ ಜೊತೆ ಸೇರಿ ಅರ್ಪಿಸುತ್ತೇವೆ ಅಂತ. ಧರ್ಮಾಧ್ಯಕ್ಷ ಅಗಸ್ಟೀನರು ಐದನೇ ಶತಮಾನದಲ್ಲೇ ಇದೇ ಆರೋಪಕ್ಕೆ ಉತ್ತರ ಕೊಟ್ಟಿದ್ದರು. ಹುತಾತ್ಮರ ಸಮಾಧಿಯ ಮೇಲೆ ಪೀಠ ಇರುವುದು ನಿಜ, ಆದರೆ ಅಲ್ಲಿ ನಿಂತ ಗುರು ಪೇತ್ರನೇ, ಪೌಲನೇ, ಈ ಬಲಿಯನ್ನು ನಿನಗೆ ಅರ್ಪಿಸುತ್ತೇನೆ ಅಂದದ್ದನ್ನು ಯಾರಾದರೂ ಕೇಳಿದ್ದೀರಾ ಅಂತ ಕೇಳಿದರು. ಅದಕ್ಕೂ ಹಿಂದೆ, ಎರಡನೇ ಶತಮಾನದಲ್ಲಿ, ಈಗಿನ ಟರ್ಕಿಯ ಸ್ಮಿರ್ನಾದಲ್ಲಿ ಪಾಲಿಕಾರ್ಪ್ ಎಂಬ ಮುದುಕ ಧರ್ಮಾಧ್ಯಕ್ಷರನ್ನು ಕೊಂದಾಗ, ಶವ ಕೊಡಬೇಡಿ, ಇವರು ಕ್ರಿಸ್ತನನ್ನು ಬಿಟ್ಟು ಇವನನ್ನೇ ಪೂಜಿಸಲು ಶುರುಮಾಡುತ್ತಾರೆ ಅಂತ ವಿರೋಧಿಗಳು ಅಧಿಕಾರಿಗೆ ಹೇಳಿದರು. ಕ್ರೈಸ್ತರು ಬರೆದ ಉತ್ತರ: ನಾವು ಆರಾಧಿಸುವುದು ದೇವರ ಮಗನನ್ನು, ಹುತಾತ್ಮರನ್ನು ಆತನ ಶಿಷ್ಯರೆಂದು ಪ್ರೀತಿಸುತ್ತೇವೆ. ಹೀಗೆ ಬರೆದವರೇ ಆ ಮೂಳೆಗಳನ್ನು ರತ್ನಕ್ಕಿಂತ ಹೆಚ್ಚು ಅಂತ ಆರಿಸಿ ತಂದು ಜೋಪಾನ ಮಾಡಿದರು. ಎರಡೂ ಒಂದೇ ಪತ್ರದಲ್ಲಿದೆ. ಅಂದರೆ ಅಶೋಕ ರಸ್ತೆಯಲ್ಲಿ ನಮಗೆ ಕೇಳುವ ಪ್ರಶ್ನೆಗೂ, ನಾವು ಕೊಡುವ ಉತ್ತರಕ್ಕೂ ಸಾವಿರದ ಎಂಟುನೂರು ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿದೆ.

ಈಗ ಪೆಂತೆಕೋಸ್ತ್ ಸ್ನೇಹಿತರ ಮಾತಿಗೆ ಬರೋಣ. ಅವರು ತೆಗೆಯುವ ಮೊದಲ ಬೈಬಲ್ ವಾಕ್ಯ 1 ತಿಮೊಥೆ 2:5, ದೇವರಿಗೂ ಮನುಷ್ಯರಿಗೂ ನಡುವೆ ಮಧ್ಯಸ್ಥ ಒಬ್ಬನೇ, ಯೇಸು ಕ್ರಿಸ್ತ. ನಿಜ. ಕಥೋಲಿಕರೂ ಅದನ್ನೇ ಹೇಳುವುದು. ಆದರೆ ನಾಲ್ಕು ವಾಕ್ಯ ಮೇಲೆ ಹೋಗಿ, ಅದೇ ಅಧ್ಯಾಯದ ಮೊದಲ ವಾಕ್ಯ ಓದಿ. ಎಲ್ಲ ಜನರಿಗಾಗಿಯೂ ಪ್ರಾರ್ಥನೆ, ವಿಜ್ಞಾಪನೆ ಮಾಡಿ ಅಂತ ಆ ಪತ್ರದಲ್ಲಿ ಪೌಲನೇ ಹೇಳುತ್ತಾನೆ. ಒಬ್ಬರಿಗಾಗಿ ಇನ್ನೊಬ್ಬರು ಪ್ರಾರ್ಥಿಸಿದರೆ ಕ್ರಿಸ್ತನ ಜಾಗಕ್ಕೆ ಕುತ್ತು ಬರುತ್ತದೆ ಅನ್ನುವುದಾದರೆ ಪೆಂತೆಕೋಸ್ತ್ ಸಭೆಯ ಪಾಸ್ಟರ್ ಕಾಯಿಲೆಯವರ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸುವಂತೆಯೂ ಇಲ್ಲ.

ಇಲ್ಲಿ ನಮ್ಮವರದ್ದೂ ಒಂದು ತಪ್ಪಿದೆ, ಹೇಳಿಬಿಡುತ್ತೇನೆ. ಸಂತರು ಅಂದರೆ ಎಂಎಲ್ಎ ಕೊಡುವ ಶಿಫಾರಸು ಪತ್ರ ಇದ್ದ ಹಾಗೆ, ಅದಿಲ್ಲದೆ ಕೆಲಸ ಆಗಲ್ಲ ಅಂತ ಎಷ್ಟೋ ಜನ ವಿವರಿಸುತ್ತಾರೆ. ಕೇಳಲು ಚೆನ್ನಾಗಿದೆ, ನಮ್ಮ ಕಚೇರಿಗಳ ಅನುಭವಕ್ಕೂ ಹೊಂದುತ್ತದೆ. ಆದರೆ ಇದರಿಂದ ದೇವರು ಕಡತ ಮುಂದೆ ತಳ್ಳದ ಗುಮಾಸ್ತ ಆಗಿಬಿಡುತ್ತಾನೆ. ಕಥೋಲಿಕ ಬೋಧನೆ ಹಾಗಿಲ್ಲವೇ ಇಲ್ಲ. ದೇವರಿಗೆ ನೇರವಾಗಿ ಪ್ರಾರ್ಥಿಸಬಹುದು, ಪ್ರಾರ್ಥಿಸಲೇಬೇಕು. ಯೇಸು ಕಲಿಸಿದ ಪ್ರಾರ್ಥನೆ ಶುರುವಾಗುವುದೇ ತಂದೆಯನ್ನು ಕರೆದು. ಸಂತರನ್ನು ಕೇಳುವುದು ದೇವರು ದೂರ ಇದ್ದಾನೆ ಅಂತ ಅಲ್ಲ. ಆತ ನಮ್ಮನ್ನು ಒಬ್ಬೊಬ್ಬರಾಗಿ ಅಲ್ಲದೆ ಒಂದು ಕುಟುಂಬವಾಗಿ ಉಳಿಸುತ್ತಾನೆ, ಆ ಕುಟುಂಬ ಸಾವಿನಿಂದ ಎರಡು ಪಾಲಾಗುವುದಿಲ್ಲ ಅಂತ ನಂಬುವುದರಿಂದ. ಪರೀಕ್ಷೆ ದಿನ ಅಜ್ಜಿ ಹತ್ತಿರ ಹೋಗಿ ನನಗೋಸ್ಕರ ಪ್ರಾರ್ಥನೆ ಮಾಡಜ್ಜಿ ಅನ್ನುತ್ತೇವಲ್ಲ, ಅದೇ ಕೆಲಸ ಇದು.

"ಅಜ್ಜಿ ಬದುಕಿದ್ದಾರೆ, ಸಂತರು ಸತ್ತಿದ್ದಾರೆ. ಸತ್ತವರನ್ನು ವಿಚಾರಿಸಬೇಡಿ ಅಂತ ಧರ್ಮೋಪದೇಶಕಾಂಡ 18ರಲ್ಲಿದೆಯಲ್ಲ?" ಒಳ್ಳೆಯ ಪ್ರಶ್ನೆ. ಅಲ್ಲಿ ಬೇಡ ಅಂದದ್ದು ಸತ್ತವರನ್ನು ಕರೆಸಿ ಭವಿಷ್ಯ ಕೇಳುವುದು, ರಾಜ ಸೌಲ ಮಾಡಿದನಲ್ಲ, ಆ ಥರದ್ದು. ಅದನ್ನು ಕಥೋಲಿಕ ಧರ್ಮಸಭೆಯೂ ಪಾಪ ಅಂತಲೇ ಹೇಳುತ್ತದೆ. ಸಂತರಿಂದ ನಾವು ಮಾಹಿತಿ ಕೇಳುವುದಿಲ್ಲ, ಉತ್ತರಕ್ಕೆ ಕಾಯುವುದೂ ಇಲ್ಲ. ಅಬ್ರಹಾಮ, ಇಸಾಕ, ಯಕೋಬರ ದೇವರು ಜೀವಂತರ ದೇವರೇ ಹೊರತು ಸತ್ತವರ ದೇವರಲ್ಲ ಅಂತ ಯೇಸುವೇ ಹೇಳಿದ್ದು. ಪ್ರಕಟನೆ 5:8ರಲ್ಲಿ ಸ್ವರ್ಗದ ಹಿರಿಯರು ಹಿಡಿದಿರುವ ಚಿನ್ನದ ಬಟ್ಟಲುಗಳಲ್ಲಿರುವುದು ದೇವಜನರ ಪ್ರಾರ್ಥನೆಗಳು. ಆ ಒಂದು ವಾಕ್ಯದಿಂದ ಎಲ್ಲ ಸಾಬೀತಾಯಿತು ಅಂತ ನಾನು ವಾದಿಸುವುದಿಲ್ಲ. ಆದರೆ ಅದನ್ನು ಓದಿದ ಮೊದಮೊದಲ ಕ್ರೈಸ್ತರು ಏನು ಮಾಡಿದರು ನೋಡಿ. ರೋಮ್‌ನ ಆಪಿಯಾ ರಸ್ತೆಯಲ್ಲಿ, ಸಂತ ಸೆಬಾಸ್ಟಿಯನ್ ಚರ್ಚಿನ ಅಡಿಯಲ್ಲಿ, ಮೂರನೇ ಶತಮಾನದವರು ಗೋಡೆ ಮೇಲೆ ಗೀಚಿದ ಬರಹಗಳಿವೆ. ಒಂದರಲ್ಲಿ ಪೌಲನೇ, ಪೇತ್ರನೇ, ವಿಕ್ಟರನಿಗಾಗಿ ಬೇಡಿಕೊಳ್ಳಿ ಅಂತಿದೆ. ಪಂಡಿತರು ಬರೆದದ್ದಲ್ಲ, ಯಾವನೋ ದಾರಿಹೋಕ ಭಕ್ತ ಗೀಚಿ ಹೋದದ್ದು. ನಾಲ್ಕನೇ ಶತಮಾನದಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಬಂದ ಮೇಲೆ ಇದೆಲ್ಲ ಸೇರಿಕೊಂಡಿತು ಅನ್ನುವವರು ಆ ಗೋಡೆ ನೋಡಬೇಕು.

ಪ್ರತಿಮೆಗಳ ವಿಷಯ ಬೇಗ ಮುಗಿಸುತ್ತೇನೆ. ವಿಮೋಚನಾಕಾಂಡ 20ರಲ್ಲಿ ವಿಗ್ರಹ ಬೇಡ ಅಂದ ದೇವರೇ 25ನೇ ಅಧ್ಯಾಯದಲ್ಲಿ ಮಂಜೂಷದ (ದೇವರ ಆಜ್ಞೆಗಳನ್ನಿಟ್ಟ ಪೆಟ್ಟಿಗೆ) ಮೇಲೆ ಚಿನ್ನದ ಕೆರೂಬಿಗಳನ್ನು, ಅಂದರೆ ರೆಕ್ಕೆಯ ದೇವದೂತರ ಪ್ರತಿಮೆಗಳನ್ನು, ಮಾಡಿಸುತ್ತಾನೆ. ಮರುಭೂಮಿಯಲ್ಲಿ ಮೋಶೆಯ ಕೈಲಿ ಕಂಚಿನ ಸರ್ಪ ಮಾಡಿಸುತ್ತಾನೆ, ನೋಡಿದವರು ಬದುಕುತ್ತಾರೆ. ಎಷ್ಟೋ ಕಾಲದ ನಂತರ ಜನ ಅದೇ ಸರ್ಪಕ್ಕೆ ಧೂಪ ಹಾಕಲು ಶುರುಮಾಡುತ್ತಾರೆ, ಆಗ ಹಿಜ್ಕೀಯ ಅರಸ ಅದನ್ನು ಒಡೆದು ಪುಡಿಮಾಡುತ್ತಾನೆ. ಎರಡೂ ಸರಿ. ಪ್ರತಿಮೆ ಇರಬಹುದು, ಪ್ರತಿಮೆಯೇ ದೇವರಾದರೆ ಒಡೆಯಬೇಕು. 787ರಲ್ಲಿ ನೈಸಿಯಾದ ಎರಡನೇ ಮಹಾಸಭೆ, 1563ರಲ್ಲಿ ಟ್ರೆಂಟ್ ಮಹಾಸಭೆ ಹೇಳಿದ್ದು ಇಷ್ಟೇ: ಗೌರವ ಚಿತ್ರದ ಮೂಲಕ ಆ ವ್ಯಕ್ತಿಗೆ ಸಲ್ಲುತ್ತದೆ, ಚಿತ್ರದೊಳಗೆ ಯಾವ ಶಕ್ತಿಯೂ ಇಲ್ಲ, ಅದರಿಂದ ಏನನ್ನೂ ಬೇಡಬಾರದು. ಅವಶೇಷವೂ ಹಾಗೇ. ಎಲೀಷ ಪ್ರವಾದಿಯ ಮೂಳೆ ತಗುಲಿದ ಹೆಣ ಎದ್ದು ನಿಂತಿತು ಅಂತ 2 ಅರಸುಗಳು 13ರಲ್ಲಿದೆ. ಜೀವ ಕೊಟ್ಟದ್ದು ಮೂಳೆಯಲ್ಲ, ದೇವರು. ಪವಿತ್ರ ಅವಶೇಷಗಳನ್ನು ಮಾರುವುದನ್ನು ಧರ್ಮಸಭೆಯ ಕಾನೂನು ಪೂರ್ತಿ ನಿಷೇಧಿಸಿದೆ. ಆನ್‌ಲೈನ್‌ನಲ್ಲಿ ಯಾರಾದರೂ ಬೆಲೆ ಹೇಳಿದರೆ ನಂಬಬೇಡಿ.

ಇನ್ನು ಒಬ್ಬರನ್ನು ಸಂತ ಅಂತ ಘೋಷಿಸುವುದು ಹೇಗೆ? ಈಗಿನ ಪದ್ಧತಿಯಲ್ಲಿ ಫಿಲೋಮಿನಾ ಮೊದಲ ಮೆಟ್ಟಿಲೂ ದಾಟುತ್ತಿರಲಿಲ್ಲವೇನೋ. ಬದುಕಿನ ವಿವರ, ಬರೆದದ್ದು, ಸಾಕ್ಷಿಗಳ ಹೇಳಿಕೆ ಎಲ್ಲ ಕಲೆಹಾಕುತ್ತಾರೆ, ವಿರುದ್ಧ ಹೇಳುವವರನ್ನೂ ಕೇಳುತ್ತಾರೆ. ಮದರ್ ತೆರೇಸಾ ಅವರ ಕಟು ಟೀಕಾಕಾರ ಕ್ರಿಸ್ಟೋಫರ್ ಹಿಚನ್ಸ್‌ರನ್ನು ಕರೆಸಿ ಹೇಳಿಕೆ ತೆಗೆದುಕೊಂಡಿದ್ದರು. ಕಾಯಿಲೆ ವಾಸಿಯಾದದ್ದನ್ನು ಪವಾಡ ಅಂತ ಒಪ್ಪಬೇಕಾದರೆ ಮೊದಲು ವೈದ್ಯರು ಕೂತು ಇದಕ್ಕೆ ವಿಜ್ಞಾನದಲ್ಲಿ ವಿವರಣೆ ಇಲ್ಲ ಅನ್ನಬೇಕು, ಆಮೇಲೆ ದೇವಶಾಸ್ತ್ರದವರ ಸರದಿ. ಆ ಪವಾಡ ಕೂಡ ಸಂತರ ಶಕ್ತಿಗೆ ಸಾಕ್ಷಿ ಅಲ್ಲ. ಅವರು ದೇವರ ಹತ್ತಿರ ಇದ್ದಾರೆ, ಅವರು ಬೇಡಿದ್ದಕ್ಕೆ ದೇವರು ಮಾಡಿದ ಅನ್ನುವುದಕ್ಕೆ ಸಾಕ್ಷಿ. ತಿರುವಾಂಕೂರು ಅರಮನೆಯಲ್ಲಿ ಅಧಿಕಾರಿಯಾಗಿದ್ದ ದೇವಸಹಾಯಂ ಪಿಳ್ಳೆಯವರನ್ನು ಕೊಂದದ್ದು 1752ರಲ್ಲಿ, ಸಂತರೆಂದು ಘೋಷಿಸಿದ್ದು 2022ರ ಮೇ 15ರಂದು. ಅವಸರವೇ ಇಲ್ಲ ಅವರಿಗೆ.

ಎಲ್ಲ ಕಥೋಲಿಕರೂ ಇಷ್ಟು ಅರ್ಥಮಾಡಿಕೊಂಡೇ ಪ್ರಾರ್ಥಿಸುತ್ತಾರೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಕೆ.ಆರ್. ನಗರ ಕಡೆಯ ದೋರನಹಳ್ಳಿ ಸಂತ ಅಂತೋಣಿ ಬೆಸಿಲಿಕಾಕ್ಕೆ ಎಲ್ಲ ಧರ್ಮದವರೂ ಹರಕೆ ಹೊತ್ತು ಬರುತ್ತಾರೆ. ಬರಲಿ, ಒಳ್ಳೆಯದೇ. ಆದರೆ ಕಥೋಲಿಕನಾದವನಿಗೆ ಹರಕೆ ಅಂದರೆ ದೇವರಿಗೆ ಕೊಟ್ಟ ಮಾತು, ಅಂತೋಣಿ ಅದಕ್ಕೆ ಸಾಕ್ಷಿ ಅಷ್ಟೇ. ಕೆಲಸ ಆದರೆ ಇಷ್ಟು ಮೇಣದಬತ್ತಿ, ಆಗದಿದ್ದರೆ ಇಲ್ಲ ಅಂತ ಚೌಕಾಸಿ ಮಾಡುವುದು, ಪಕ್ಕದ ಮನೆಯವರಿಗೆ ಬುದ್ಧಿ ಕಲಿಸು ಅಂತ ಕೇಳುವುದು, ಈ ಪ್ರಾರ್ಥನೆಯನ್ನು ಹದಿಮೂರು ಜನಕ್ಕೆ ಕಳಿಸದಿದ್ದರೆ ಕೆಟ್ಟದಾಗುತ್ತದೆ ಅನ್ನುವ ವಾಟ್ಸಾಪ್ ಮೆಸೇಜು, ಇವೆಲ್ಲ ಮೂಢನಂಬಿಕೆ. ಪ್ರಾರ್ಥನೆಯ ಫಲ ನಮ್ಮ ಮನಸ್ಸನ್ನು ಬಿಟ್ಟು ಹೊರಗಿನ ಲೆಕ್ಕಾಚಾರದಲ್ಲಿದೆ ಅಂದುಕೊಂಡರೆ ಅದು ಮೂಢನಂಬಿಕೆ ಅಂತ ಧರ್ಮಸಭೆಯ ಬೋಧನೆಯಲ್ಲೇ ಇದೆ. ಫಾದರ್‌ಗಳು ಪ್ರಸಂಗದಲ್ಲಿ ಇದನ್ನು ಇನ್ನೂ ಜೋರಾಗಿ ಹೇಳಬೇಕು ಅನ್ನುವುದು ನನ್ನ ತಕರಾರು.

ಕೊನೆಯದಾಗಿ, ನನಗೆ ತುಂಬ ಜನ ಕೇಳುವ ಪ್ರಶ್ನೆ: ಪಟ್ಟಿಯಲ್ಲಿ ಇಲ್ಲದವರು ಸಂತರಲ್ಲವಾ? ಖಂಡಿತ ಸಂತರೇ. ಸ್ವರ್ಗದಲ್ಲಿರುವ ಪ್ರತಿಯೊಬ್ಬರೂ ಸಂತರು. ನವೆಂಬರ್ 1ರ ಸಕಲ ಸಂತರ ಹಬ್ಬ ಇರುವುದೇ ಹೆಸರು ಗೊತ್ತಿಲ್ಲದವರಿಗೂ ಸೇರಿಸಿ. ಮಾರನೇ ದಿನ, ನವೆಂಬರ್ 2ರಂದು, ಸಮಾಧಿಗಳಿಗೆ ಹೂವು ಹಾಕಿ ತೀರಿಹೋದ ನಮ್ಮವರಿಗಾಗಿ ಪ್ರಾರ್ಥಿಸುತ್ತೇವೆ. ಅವರು ಸ್ವರ್ಗ ಸೇರಿದ್ದಾರೋ, ಇನ್ನೂ ಶುದ್ಧಿಯಾಗುತ್ತಿದ್ದಾರೋ ನಮಗೆ ಗೊತ್ತಿಲ್ಲ, ಅದಕ್ಕೆ. ತೀರಿಹೋದ ಅಜ್ಜಿ ಸ್ವರ್ಗದಲ್ಲಿದ್ದಾರೆ ಅಂತ ನಿಮಗೆ ಬಲವಾಗಿ ಅನ್ನಿಸಿದರೆ ಮನೆಯಲ್ಲಿ ಅವರ ಫೋಟೋ ಮುಂದೆ ನಿಂತು ನನಗಾಗಿ ಪ್ರಾರ್ಥಿಸಜ್ಜಿ ಅಂತ ಧಾರಾಳವಾಗಿ ಕೇಳಬಹುದು. ಆ ಫೋಟೋವನ್ನು ಚರ್ಚಿಗೆ ತಂದು ಪೀಠದ ಮೇಲೆ ಇಡುವ ಹಾಗಿಲ್ಲ. ಅದಕ್ಕೆ ಧರ್ಮಸಭೆಯ ಒಪ್ಪಿಗೆ ಬೇಕು, ದೇವಸಹಾಯಂ ಅವರಿಗೆ 270 ವರ್ಷ ಹಿಡಿದದ್ದು ಅದಕ್ಕೇ.